ಮನ್ಯಾಗಿನ ಸೌಂಡ್ ಸಿಸ್ಟಮ್‌ಗೆ ‘ಪ್ಯಾಸಿವ್ ಪ್ರೀಆಂಪ್’: ಏನಿದು ಕರೆಂಟ್ ಬೇಡದ ಡಬ್ಬಿ? ಯಾರಿಗೆ ಬೇಕು, ಯಾರಿಗೆ ಬೇಡ?

ನವಲಗುಂದ: ಮನೆಯಲ್ಲಿ ಆಂಪ್ಲಿಫೈಯರ್ ಇದೆ. ಸ್ಪೀಕರ್ ಬಾಕ್ಸೂ ಗಟ್ಟಿಮುಟ್ಟಾಗಿವೆ. ಆದರೆ ಈಗ ಹಾಡು ಬರೋದು ಕ್ಯಾಸೆಟ್‌ನಿಂದ ಅಲ್ಲ, ಮೊಬೈಲ್‌ನಿಂದ, ಟಿವಿಯಿಂದ. ಹಚ್ಚಿದ ಕೂಡಲೇ ಹಾಡಿನ ಜೊತೆ ‘ಸುಸ್’ ಅನ್ನೋ ಸಪ್ಪಳ. ರಾತ್ರಿ ಸಣ್ಣ ದನಿಯಲ್ಲಿ ಕೇಳೋಣ ಅಂದ್ರೆ ಹಾಡಿಗಿಂತ ಈ ಸಪ್ಪಳವೇ ದೊಡ್ಡದು. ಏನು ಮಾಡೋದು ಅಂತ ನಾಲ್ಕು ಜನರನ್ನು ಕೇಳಿದರೆ ಮೂವರು ಹೇಳೋದು ಒಂದೇ: ‘ಒಂದು ಪ್ರೀಆಂಪ್ ಹಾಕ್ರಿ, ಎಲ್ಲಾ ಸರಿ ಆಗ್ತದ.’

ಸರಿ ಆಗ್ತದಾ? ಬಹಳಷ್ಟು ಮನೆಗಳಲ್ಲಿ ಆಗೋದಿಲ್ಲ. ಸಪ್ಪಳ ಇನ್ನೂ ಹೆಚ್ಚೂ ಆಗಬಹುದು. ಯಾಕಂದ್ರೆ ಇವತ್ತಿನ ಮೊಬೈಲ್ ಡಾಂಗಲ್, ಡಿವಿಡಿ ಪ್ಲೇಯರ್, ಸಿಡಿ ಪ್ಲೇಯರ್ ಕೊಡುವ ಸಿಗ್ನಲ್ ಆಂಪ್ಲಿಫೈಯರ್‌ಗೆ ಬೇಕಾದಷ್ಟು ಇರುತ್ತದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಅದನ್ನು ಮತ್ತೆ ಹೆಚ್ಚಿಸುವ ಅಗತ್ಯವಿಲ್ಲ, ಎಷ್ಟು ಬೇಕೋ ಅಷ್ಟಕ್ಕೆ ಇಳಿಸಿದರೆ ಸಾಕು. ಆ ಇಳಿಸುವ ಕೆಲಸ ಮಾತ್ರ ಮಾಡುವ ಡಬ್ಬಿಗೇ ‘ಪ್ಯಾಸಿವ್ ಪ್ರೀಆಂಪ್’ ಅನ್ನುತ್ತಾರೆ. ಕರೆಂಟ್ ಬೇಡ, ಐಸಿ ಇಲ್ಲ, ಟ್ರಾನ್ಸಿಸ್ಟರ್ ಇಲ್ಲ. ಒಳಗಿರೋದು ಒಂದು ವಾಲ್ಯೂಮ್ ಕಂಟ್ರೋಲ್ ಮತ್ತು ನಾಲ್ಕು ಪಿನ್ ಸಾಕೆಟ್ ಅಷ್ಟೇ.

ಇಂಥ ಒಂದು ಡಬ್ಬಿಯನ್ನು ಮಾಡಿಸಿ, ಎರಡು ವಾರ ಮನೆಯಲ್ಲೇ ಹಚ್ಚಿ ನೋಡಿ ಈ ವರದಿ ಬರೆಯಲಾಗಿದೆ. ಇದು ಯಾರಿಗೆ ಉಪಯೋಗ, ಯಾರಿಗೆ ದಂಡ, ರೊಕ್ಕ ಖರ್ಚು ಮಾಡೋ ಮೊದಲು ಏನು ಪರೀಕ್ಷೆ ಮಾಡಬೇಕು ಅನ್ನೋದು ಇಲ್ಲಿದೆ.

ಪ್ರೀಆಂಪ್ ಯಾಕೆ ಬೇಕಾಗಿತ್ತು?

ನಮ್ಮ ಭಾಗದಲ್ಲಿ ಹಾಡು ಕೇಳುವ ಚಟ ಇವತ್ತಿನದಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಭೀಮಸೇನ ಜೋಶಿ ಅದೇ ಊರಲ್ಲಿ ಇದ್ದು ಕಲಿತರು. ಬಸವರಾಜ ರಾಜಗುರು ಹುಟ್ಟಿದ್ದು 1917ರಲ್ಲಿ, ಕುಂದಗೋಳ ತಾಲ್ಲೂಕಿನ ಯಲಿವಾಳದಲ್ಲಿ. ಗಂಗೂಬಾಯಿಯವರ ಮೊದಮೊದಲ ಎಚ್‌ಎಂವಿ ರೆಕಾರ್ಡ್‌ಗಳು ‘ಗಾಂಧಾರಿ ಹುಬ್ಬಳ್ಳಿ’ ಅನ್ನೋ ಹೆಸರಲ್ಲಿ ಬಂದವು. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾದ ಮೇಲೆ ರೇಡಿಯೊ ಇದ್ದ ಮನೆಗೆಲ್ಲ ಸಂಗೀತ ತಾನೇ ಬಂತು.

ಆ ಕಾಲದಿಂದ ಈ ಕಾಲಕ್ಕೆ ಹಾಡು ಬರುವ ದಾರಿ ಬದಲಾಗಿದೆ. ಪ್ರೀಆಂಪ್ ಕಥೆ ಇರೋದು ಅಲ್ಲೇ.

ಕೀಲಿ ಕೊಡುವ ಗ್ರಾಮಾಫೋನ್‌ಗೆ ಕರೆಂಟೇ ಬೇಕಿರಲಿಲ್ಲ. ಸೂಜಿಯ ನಡುಕವೇ ಕಹಳೆಯಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಆಮೇಲೆ ಕರೆಂಟಿನ ರೆಕಾರ್ಡ್ ಪ್ಲೇಯರ್ ಬಂದವು. ಅವುಗಳಲ್ಲಿ ಮ್ಯಾಗ್ನೆಟಿಕ್ ಪಿಕಪ್ ಕೊಡುವ ಸಿಗ್ನಲ್ ಸುಮಾರು 5 ಮಿಲಿವೋಲ್ಟ್. ಅಂದ್ರೆ ಒಂದು ವೋಲ್ಟಿನ ಇನ್ನೂರನೇ ಒಂದು ಭಾಗ. ಟೇಪ್ ರೆಕಾರ್ಡರ್‌ನ ಹೆಡ್ ಕೊಡೋದು ಅದಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಸಿಗ್ನಲ್ ನೇರವಾಗಿ ಆಂಪ್ಲಿಫೈಯರ್‌ಗೆ ಕೊಟ್ಟರೆ ಸ್ಪೀಕರ್ ಬಾಯಿ ಬಿಡೋದಿಲ್ಲ. ಅದಕ್ಕೇ ಮುಖ್ಯ ಆಂಪ್ಲಿಫೈಯರ್‌ಗೂ ಮುಂಚೆ ಒಂದು ಸಣ್ಣ ಆಂಪ್ಲಿಫೈಯರ್ ಬೇಕಾಯಿತು. ಅದೇ ಪ್ರೀಆಂಪ್ಲಿಫೈಯರ್. ರೆಕಾರ್ಡ್‌ನಲ್ಲಿ ಬೇಸ್ ತಗ್ಗಿಸಿ, ಚೂಪು ದನಿ ಏರಿಸಿ ಕೊರೆದಿರುತ್ತಾರೆ. ಅದನ್ನು ವಾಪಸ್ ಸಮ ಮಾಡುವ ಕೆಲಸವೂ ಅದರದ್ದೇ ಆಗಿತ್ತು.

1982ರಲ್ಲಿ ಸಿಡಿ ಬಂತು. ಸಿಡಿ ಪ್ಲೇಯರ್‌ನ ಸಿಗ್ನಲ್ ಸುಮಾರು 2 ವೋಲ್ಟ್. 5 ಮಿಲಿವೋಲ್ಟ್‌ಗೆ ಹೋಲಿಸಿದರೆ 400 ಪಟ್ಟು. ಡಿವಿಡಿ ಪ್ಲೇಯರ್‌ಗಳೂ ಇದೇ ಲೆಕ್ಕ ಹಿಡಿದವು. ಮೊಬೈಲ್‌ಗೆ ಹಚ್ಚುವ ಸಣ್ಣ ಡಾಂಗಲ್‌ಗಳಲ್ಲಿ ಒಳ್ಳೆಯವು ಸುಮಾರು 1 ವೋಲ್ಟ್ ಕೊಡುತ್ತವೆ. ಸಿಗ್ನಲ್ ಬೆಳೆಯಿತು, ಆದರೆ ‘ಪ್ರೀಆಂಪ್ ಬೇಕೇ ಬೇಕು’ ಅನ್ನೋ ಮಾತು ಹಾಗೇ ಉಳಿಯಿತು.

ಪಂಪ್‌ಸೆಟ್ ಮತ್ತು ತೂಬು

ಇದನ್ನು ಹೊಲದ ಲೆಕ್ಕದಲ್ಲಿ ನೋಡ್ರಿ. ಬಾವಿಯಲ್ಲಿ ನೀರು ಕೆಳಗಿದ್ದರೆ ಪಂಪ್‌ಸೆಟ್ ಬೇಕು. ಪಂಪ್ ಇಲ್ಲದೆ ನೀರು ಮೇಲೆ ಬರೋದಿಲ್ಲ. ಆದರೆ ಮಲಪ್ರಭಾ ಕಾಲುವೆ ನೀರು ನಿಮ್ಮ ಹೊಲಕ್ಕಿಂತ ಎತ್ತರದಲ್ಲೇ ಹರಿಯುತ್ತಿದ್ದರೆ? ಅಲ್ಲಿ ಪಂಪ್ ಹಚ್ಚೋದಿಲ್ಲ. ತೂಬು ಎಷ್ಟು ಎತ್ತಬೇಕೋ ಅಷ್ಟು ಎತ್ತಿದರೆ ಸಾಕು.

ಮಾಮೂಲಿ ಪ್ರೀಆಂಪ್ ಪಂಪ್‌ಸೆಟ್ ಇದ್ದಂತೆ. ಪ್ಯಾಸಿವ್ ಪ್ರೀಆಂಪ್ ತೂಬು ಇದ್ದಂತೆ. ತೂಬು ನೀರನ್ನು ಹೆಚ್ಚು ಮಾಡೋದಿಲ್ಲ, ಕೆಸರನ್ನೂ ಸೇರಿಸೋದಿಲ್ಲ. ಹಾಗಂತ ಬಾವಿಗೆ ತೂಬು ಕೂಡಿಸಿದರೆ ಒಂದು ಹನಿ ನೀರೂ ಬರೋದಿಲ್ಲ. ಇಡೀ ವಿಷಯ ಇಷ್ಟೇ: ನಿಮ್ಮ ಮನೆಯಲ್ಲಿರೋದು ಕಾಲುವೆಯೋ ಬಾವಿಯೋ ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು.

ಲೆಕ್ಕ ಹಾಕಿ ನೋಡೋಣ

8 ಓಮ್ ಸ್ಪೀಕರ್‌ಗೆ ಒಂದು ಆಂಪ್ಲಿಫೈಯರ್ ಪೂರ್ತಿ 50 ವಾಟ್ ಕೊಡಬೇಕಾದರೆ ಅದರ ಔಟ್‌ಪುಟ್‌ನಲ್ಲಿ 20 ವೋಲ್ಟ್ ಬರಬೇಕು. ಆಂಪ್ಲಿಫೈಯರ್ ಸಿಗ್ನಲ್ ಅನ್ನು 20 ಪಟ್ಟು ದೊಡ್ಡದು ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಆಗ ಇನ್‌ಪುಟ್‌ಗೆ 1 ವೋಲ್ಟ್ ಕೊಟ್ಟರೆ ಸಾಕು, ಪೂರ್ತಿ 50 ವಾಟ್ ಬಂತು. ಡಿವಿಡಿ ಪ್ಲೇಯರ್ ಕೊಡೋದು 2 ವೋಲ್ಟ್. ಅಂದ್ರೆ ಬೇಕಾದ್ದಕ್ಕಿಂತ ಎರಡು ಪಟ್ಟು ಈಗಲೇ ಇದೆ.

ಇನ್ನು ಮನೆಯಲ್ಲಿ ಯಾರೂ 50 ವಾಟ್ ಹಚ್ಚಿಕೊಂಡು ಕೂರೋದಿಲ್ಲ. ಸಾಧಾರಣ ಮನೆ ಸ್ಪೀಕರ್‌ಗೆ 1 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಹತ್ತಿರ ಸದ್ದು ಬರುತ್ತದೆ. ನಾವು ಎದುರುಬದುರು ಕೂತು ಮಾತಾಡೋದು ಸುಮಾರು 60 ಡೆಸಿಬಲ್. ಅಂದ ಮೇಲೆ 1 ವಾಟ್ ಅನ್ನೋದೇ ಮನೆಗೆ ಜೋರು. ಆ 1 ವಾಟ್‌ಗೆ ಸ್ಪೀಕರ್‌ನಲ್ಲಿ ಬೇಕಾದದ್ದು 2.83 ವೋಲ್ಟ್. 20 ಪಟ್ಟಿನ ಆಂಪ್ಲಿಫೈಯರ್‌ಗೆ ಕೊಡಬೇಕಾದದ್ದು 0.14 ವೋಲ್ಟ್ ಮಾತ್ರ. 2 ವೋಲ್ಟ್ ಕೊಡುವ ಪ್ಲೇಯರ್ ಇದ್ದರೆ ಅದರ ಹದಿನಾಲ್ಕನೇ ಒಂದು ಭಾಗ.

ಹೀಗಿರುವಾಗ ಮಧ್ಯದಲ್ಲಿ ಇನ್ನೊಂದು ಬೋರ್ಡ್ ಹಾಕಿ 10 ಪಟ್ಟು ಹೆಚ್ಚಿಸೋದು, ಆಮೇಲೆ ನಾಬ್ ತಿರುಗಿಸಿ ಇಳಿಸೋದು ಯಾಕೆ? ಆ ಬೋರ್ಡ್ ತನ್ನದೇ ಸಣ್ಣ ಸಪ್ಪಳವನ್ನು ಸೇರಿಸುತ್ತದೆ. ಆ ಸಪ್ಪಳವನ್ನೂ ಆಂಪ್ಲಿಫೈಯರ್ 20 ಪಟ್ಟು ಮಾಡುತ್ತದೆ. ಬೋರ್ಡ್‌ನ ಪವರ್ ಸಪ್ಲೈ ಕಳಪೆಯದಾಗಿದ್ದರೆ ‘ಗುಂಯ್’ ಅನ್ನೋದೂ ಅದರ ಜೊತೆ ಬರುತ್ತದೆ. ವಾಲ್ಯೂಮ್ ಸೊನ್ನೆಗೆ ತಂದರೂ ‘ಸುಸ್’ ನಿಲ್ಲೋದಿಲ್ಲ ಅಂದ್ರೆ, ಆ ಸಪ್ಪಳ ಹುಟ್ಟುತ್ತಿರೋದು ವಾಲ್ಯೂಮ್ ಕಂಟ್ರೋಲ್ ಆದ ಮೇಲೆ, ಅಂದರೆ ಬೋರ್ಡ್‌ನಲ್ಲಿ ಅಥವಾ ಆಂಪ್ಲಿಫೈಯರ್‌ನಲ್ಲಿ. ಮೊಬೈಲ್‌ನದ್ದಲ್ಲ.

ಡಬ್ಬಿ ಒಳಗೆ ಏನಿರುತ್ತದೆ?

ಸ್ಟೀರಿಯೊ ವಾಲ್ಯೂಮ್ ಕಂಟ್ರೋಲ್ ಒಂದು, 10 ಕಿಲೋ ಓಮ್‌ನದ್ದು. ಎಡ, ಬಲ ಎರಡೂ ಒಟ್ಟಿಗೆ ತಿರುಗುವ ಜೋಡಿ ಕಂಟ್ರೋಲ್ ಇರಬೇಕು. ಆರ್‌ಸಿಎ ಸಾಕೆಟ್ ನಾಲ್ಕು: ಒಳಗೆ ಬರಲು ಎರಡು, ಹೊರಗೆ ಹೋಗಲು ಎರಡು. ಒಂದು ನಾಬ್, ಅರ್ಧ ಮೀಟರ್ ಶೀಲ್ಡ್ ವೈರ್, ಒಂದು ತಗಡಿನ ಅಥವಾ ಅಲ್ಯೂಮಿನಿಯಂ ಡಬ್ಬಿ. ನಾವು ಮಾಡಿಸಿದ್ದಕ್ಕೆ ಎಲ್ಲ ಸೇರಿ 500 ರೂಪಾಯಿ ದಾಟಲಿಲ್ಲ. ಸಾಲ್ಡರಿಂಗ್ ಬರುವವರಿಗೆ ಒಂದು ತಾಸಿನ ಕೆಲಸ.

ಕಂಟ್ರೋಲ್ ಕೊಳ್ಳುವಾಗ ಒಂದು ವಿಷಯ ನೋಡಬೇಕು. ಅದರ ಮೇಲೆ ‘ಎ10ಕೆ’ ಅಥವಾ ‘ಬಿ10ಕೆ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ‘ಎ’ ಅಂದ್ರೆ ಲಾಗ್, ‘ಬಿ’ ಅಂದ್ರೆ ಲೀನಿಯರ್. ನಮ್ಮ ಕಿವಿ ಸದ್ದನ್ನು ಅಳೆಯೋದು ಪಟ್ಟಿನ ಲೆಕ್ಕದಲ್ಲಿ. ‘ಬಿ’ ಹಾಕಿದರೆ ಸ್ವಲ್ಪ ತಿರುಗಿಸಿದ ಕೂಡಲೇ ಸದ್ದು ಒಮ್ಮೆಲೇ ಏರಿ, ಆಮೇಲೆ ಎಷ್ಟು ತಿರುಗಿಸಿದರೂ ಹೆಚ್ಚು ವ್ಯತ್ಯಾಸ ಅನ್ನಿಸೋದಿಲ್ಲ. ‘ಎ’ ಕಂಟ್ರೋಲ್ ಅರ್ಧ ತಿರುಗಿಸಿದಾಗ ಸಿಗ್ನಲ್‌ನ ಸುಮಾರು ಹತ್ತನೇ ಒಂದು ಭಾಗ ಮಾತ್ರ ಬಿಡುತ್ತದೆ. ಕಿವಿಗೆ ಅದೇ ‘ಅರ್ಧ’ ಅನ್ನಿಸುತ್ತದೆ. ಹಾಡಿಗೆ ‘ಎ’ ಕೇಳಿ ತಗೊಳ್ರಿ.

ಜೋಡಣೆ ಸರಳ. ಕಂಟ್ರೋಲ್‌ನ ದಂಡ ನಿಮ್ಮ ಕಡೆ, ಕಾಲುಗಳು ಕೆಳಗೆ ಇರುವಂತೆ ಹಿಡಿಯಿರಿ. ಎಡಗಡೆ ಕಾಲು ಗ್ರೌಂಡ್. ಬಲಗಡೆ ಕಾಲಿಗೆ ಮೊಬೈಲ್ ಅಥವಾ ಪ್ಲೇಯರ್‌ನಿಂದ ಬರುವ ಸಿಗ್ನಲ್. ನಡುವಿನ ಕಾಲಿನಿಂದ ಆಂಪ್ಲಿಫೈಯರ್‌ಗೆ. ಹಿಂದಿನ ಸಾಲಿನ ಮೂರು ಕಾಲು ಇನ್ನೊಂದು ಚಾನೆಲ್‌ಗೆ. ಡಬ್ಬಿಯ ಲೋಹವನ್ನು ಒಂದೇ ಕಡೆ ಸಿಗ್ನಲ್ ಗ್ರೌಂಡ್‌ಗೆ ಕೂಡಿಸಬೇಕು. ಪ್ಲಾಸ್ಟಿಕ್ ಡಬ್ಬಿ ಹಾಕಿದರೆ ನಾಬ್ ಹತ್ತಿರ ಕೈ ತಂದಾಗ ‘ಗುಂಯ್’ ಅನ್ನಬಹುದು. ಆದ್ದರಿಂದ ಲೋಹದ್ದೇ ಒಳ್ಳೆಯದು.

ಮೊಬೈಲ್ ಮತ್ತು ಟಿವಿ ಎರಡನ್ನೂ ಹಚ್ಚಬೇಕಿದ್ದರೆ ಒಂದು ಸೆಲೆಕ್ಟರ್ ಸ್ವಿಚ್ ಹಾಕಿಸಿ. ಎರಡನ್ನೂ ಒಂದೇ ಪಿನ್‌ಗೆ ‘ವೈ’ ಕೇಬಲ್‌ನಿಂದ ಕೂಡಿಸಬ್ಯಾಡ್ರಿ. ಒಂದರ ಸಿಗ್ನಲ್ ಇನ್ನೊಂದರ ಔಟ್‌ಪುಟ್ ಒಳಗೆ ನುಗ್ಗುತ್ತದೆ, ಎರಡೂ ದುರ್ಬಲ ಆಗುತ್ತವೆ.

ಹಚ್ಚಿ ನೋಡಿದಾಗ ಏನಾಯಿತು?

ಮನೆಯಲ್ಲಿ ಇದ್ದದ್ದು ವಾಲ್ಯೂಮ್ ನಾಬ್ ಇಲ್ಲದ, ಚಾನೆಲ್‌ಗೆ 50 ವಾಟ್‌ನ ಜೋಡಿಸಿದ ಆಂಪ್ಲಿಫೈಯರ್. ಅದರ ಮುಂದೆ ಬೇಸ್, ಟ್ರೆಬಲ್ ಇರುವ ಪ್ರೀಆಂಪ್ ಬೋರ್ಡ್. ಸ್ಪೀಕರ್ ಎರಡು, ಹಾಲ್ ಸಿಮೆಂಟ್ ನೆಲದ್ದು. ಬೋರ್ಡ್ ತೆಗೆದು ಅದರ ಜಾಗದಲ್ಲಿ ಪ್ಯಾಸಿವ್ ಡಬ್ಬಿ ಹಚ್ಚಲಾಯಿತು.

ಮೊದಲು ಗೊತ್ತಾಗಿದ್ದು ಮೌನ. ಹಾಡು ನಿಂತಾಗ, ಮುಂಚೆ ಮಂಚದ ಮೇಲೆ ಕೂತವರಿಗೂ ಕೇಳುತ್ತಿದ್ದ ‘ಸುಸ್’ ಈಗ ಸ್ಪೀಕರ್‌ಗೆ ಕಿವಿ ಹಚ್ಚಿದರೆ ಮಾತ್ರ ಕೇಳುತ್ತಿತ್ತು. ಬಸವರಾಜ ರಾಜಗುರು ಅವರ ಒಂದು ಧ್ವನಿಮುದ್ರಣ ಹಚ್ಚಿ, ರಾತ್ರಿ ಸಣ್ಣ ದನಿಯಲ್ಲಿ ಇಟ್ಟಾಗ ಇದರ ಲಾಭ ಚೆನ್ನಾಗಿ ತಿಳಿಯಿತು. ಆಲಾಪ ಶುರುವಾಗುವ ಮೊದಲು ತಂಬೂರಿಯ ತಂತಿ ಮೀಟಿ ಅದು ಕರಗುತ್ತಾ ಹೋಗುತ್ತದಲ್ಲ, ಆ ಕೊನೆಯ ಎಳೆ ಸಪ್ಪಳದಲ್ಲಿ ಮುಳುಗಲಿಲ್ಲ. ಆದರೆ ಹಳೆಯ ಟೇಪ್‌ನಿಂದ ತೆಗೆದ ಧ್ವನಿಮುದ್ರಣದಲ್ಲೇ ಇರುವ ಸಪ್ಪಳ ಹಾಗೇ ಇತ್ತು. ಅದನ್ನು ಯಾವ ಡಬ್ಬಿಯೂ ತೆಗೆಯೋದಿಲ್ಲ.

‘ದನಿ ಬದಲಾಯಿತೇ?’ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಇದನ್ನು ಸುಮ್ಮನೆ ಕೇಳಿ ಹೇಳೋದು ಕಷ್ಟ. ಎರಡರಲ್ಲಿ ಯಾವುದು ತುಸು ಜೋರಿರುತ್ತದೋ ಅದೇ ಚಂದ ಅಂತ ಕಿವಿ ಹೇಳುತ್ತದೆ. ಅದಕ್ಕೆ 100 ಹರ್ಟ್ಜ್‌ನ ಒಂದು ಟೋನ್ ಹಚ್ಚಿ, ಸ್ಪೀಕರ್ ತಂತಿಗೆ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟ್ ಎರಡೂ ಸಲ ಒಂದೇ ಇರುವಂತೆ ಮಾಡಿಕೊಂಡೆವು. ಬೋರ್ಡ್‌ನ ಬೇಸ್, ಟ್ರೆಬಲ್ ಎರಡನ್ನೂ ನಡುವೆ ನಿಲ್ಲಿಸಿದೆವು. ಮನೆಯವರೊಬ್ಬರು ಹೇಳದೆ ಕೇಳದೆ ಬದಲಿಸಿದರು. ಹಾಡು ನಡೆಯುತ್ತಿರುವಾಗ ಯಾವುದು ಹಚ್ಚಿದ್ದಾರೆ ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಹಾಡು ನಿಂತ ಕೂಡಲೇ ಗೊತ್ತಾಗುತ್ತಿತ್ತು, ‘ಸುಸ್’ ಇದ್ದರೆ ಬೋರ್ಡ್, ಇಲ್ಲದಿದ್ದರೆ ಡಬ್ಬಿ. ಅಂದ್ರೆ ‘ಪ್ಯಾಸಿವ್ ಹಾಕಿದ ಕೂಡಲೇ ದನಿಗೆ ಜೀವ ಬಂತು’ ಅನ್ನೋ ದೊಡ್ಡ ಮಾತು ನಂಬಬೇಕಿಲ್ಲ. ಸಪ್ಪಳ ಕಡಿಮೆ ಆಗುತ್ತದೆ, ಅದು ನಿಜವಾದ ಲಾಭ.

ಎರಡು ಕೊರತೆಗಳೂ ಕಂಡವು. ಒಂದು, ನಾಬ್ ಬಹಳ ಕೆಳಗಿದ್ದಾಗ ಹಾಡು ಎಡಗಡೆಗೆ ವಾಲಿತು. ಸೋವಿ ಕಂಟ್ರೋಲ್‌ಗಳಲ್ಲಿ ಎರಡೂ ಚಾನೆಲ್ ಸೊನ್ನೆಯ ಹತ್ತಿರ ಸಮ ಇರೋದಿಲ್ಲ. ಮೊಬೈಲ್‌ನಲ್ಲಿ ವಾಲ್ಯೂಮ್ ಸ್ವಲ್ಪ ಇಳಿಸಿ, ಡಬ್ಬಿಯ ನಾಬ್ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ. ಎರಡು, ಡಿವಿಡಿ ಪ್ಲೇಯರ್ ಹಚ್ಚಿದಾಗ ನಾಬ್ ಕಾಲು ಭಾಗ ತಿರುಗಿಸಿದರೆ ಹಾಲ್ ತುಂಬಿತು. ಡಾಂಗಲ್ ಹಚ್ಚಿದಾಗ ಅರ್ಧ ಬೇಕಾಯಿತು. ಆದರೆ ಒಂದು ಹಳೆಯ ಮೊಬೈಲ್‌ನ ಇಯರ್‌ಫೋನ್ ತೂತಿನಿಂದ ಹಚ್ಚಿದಾಗ, ಸಣ್ಣ ದನಿಯಲ್ಲಿ ಮುದ್ರಣವಾದ ಹಳೆಯ ಹಾಡುಗಳಿಗೆ ನಾಬ್ ಪೂರ್ತಿ ತಿರುಗಿಸಿದರೂ ಸಾಲಲಿಲ್ಲ. ಅಲ್ಲಿ ಇದ್ದದ್ದು ಬಾವಿ, ಕಾಲುವೆ ಅಲ್ಲ.

ಅಂಗಡಿಯವರು ಗಮನಿಸಬೇಕಾದ್ದು: ಉದ್ದ ತಂತಿ

ಕಿರಾಣಿ, ಬಟ್ಟೆ ಅಂಗಡಿ, ಖಾನಾವಳಿಗಳಲ್ಲಿ ಆಂಪ್ಲಿಫೈಯರ್ ಅಟ್ಟದ ಮೇಲೆ ಇರುತ್ತದೆ, ವಾಲ್ಯೂಮ್ ಮಾತ್ರ ಗಲ್ಲಾದ ಹತ್ತಿರ ಬೇಕು. ನಡುವೆ ಹತ್ತು ಮೀಟರ್ ತಂತಿ. ಪ್ಯಾಸಿವ್ ಡಬ್ಬಿಗೆ ಕಷ್ಟ ಬರೋದು ಇಲ್ಲೇ.

ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟೋದು ಎಷ್ಟು ಕಷ್ಟ ಅಂತ ನಮ್ಮ ರೈತರಿಗೆ ಹೇಳಬೇಕಿಲ್ಲ. ಸಿಗ್ನಲ್‌ನದ್ದೂ ಹಾಗೇ. ಶೀಲ್ಡ್ ತಂತಿಯಲ್ಲಿ ಪ್ರತಿ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಕೆಪ್ಯಾಸಿಟಿ ಇರುತ್ತದೆ. ಅದು ಚೂಪು ದನಿಯನ್ನು ದಾರಿಯಲ್ಲೇ ಕುಡಿಯುತ್ತದೆ. ಎಷ್ಟು ಕುಡಿಯುತ್ತದೆ ಅನ್ನೋದು ಕಂಟ್ರೋಲ್‌ನ ಓಮ್ ಮೇಲೆ ಹೋಗುತ್ತದೆ. ಸಿಗ್ನಲ್ ಅರ್ಧಕ್ಕೆ ಇಳಿಯುವ ಜಾಗದಲ್ಲಿ ಕಂಟ್ರೋಲ್‌ನ ಅಡ್ಡಿ ಅತಿ ಹೆಚ್ಚು, ಅದರ ಒಟ್ಟು ಬೆಲೆಯ ಕಾಲು ಭಾಗ.

50 ಕಿಲೋ ಓಮ್ ಕಂಟ್ರೋಲ್, 10 ಮೀಟರ್ ತಂತಿ ಇದ್ದರೆ ಸುಮಾರು 12,700 ಹರ್ಟ್ಜ್‌ನಲ್ಲೇ ದನಿ 3 ಡೆಸಿಬಲ್ ಇಳಿದಿರುತ್ತದೆ, ಅದರಿಂದ ಮೇಲೆ ಇನ್ನೂ ಇಳಿಯುತ್ತದೆ. ತಾಳದ ಕಿಣಿಕಿಣಿ ಮಂಕಾಗುತ್ತದೆ. ಅದೇ ತಂತಿಗೆ 10 ಕಿಲೋ ಕಂಟ್ರೋಲ್ ಹಾಕಿದರೆ ಈ ಗಡಿ ಸುಮಾರು 63,000 ಹರ್ಟ್ಜ್‌ಗೆ ಹೋಗುತ್ತದೆ. ನಮ್ಮ ಕಿವಿ ಕೇಳೋದು 20,000ದ ಒಳಗೆ, ಹಾಗಾಗಿ ತೊಂದರೆ ಇಲ್ಲ. ಆದರೂ ಉದ್ದ ತಂತಿ ಟ್ಯೂಬ್‌ಲೈಟ್, ಫ್ರಿಜ್, ಫ್ಯಾನ್ ರೆಗ್ಯುಲೇಟರ್‌ನ ಗಲಾಟೆಯನ್ನೂ ಹಿಡಿದು ತರುತ್ತದೆ. ಡಬ್ಬಿಯನ್ನು ಆಂಪ್ಲಿಫೈಯರ್ ಪಕ್ಕದಲ್ಲೇ ಇಡೋದು, ತಂತಿ ಒಂದು ಮೀಟರ್ ಒಳಗೆ ಇರೋದು ಉತ್ತಮ. ಅಂಗಡಿಗೆ ಬ್ಲೂಟೂತ್ ರಿಸೀವರ್ ಅಟ್ಟದ ಮೇಲೆ ಇಟ್ಟು, ಗಲ್ಲಾದಲ್ಲಿ ಮೊಬೈಲ್‌ನಿಂದಲೇ ವಾಲ್ಯೂಮ್ ಮಾಡಿಕೊಳ್ಳೋದು ಇದಕ್ಕಿಂತ ಸುಲಭ.

ಇನ್ನೊಂದು ಅಳತೆ, ಆಂಪ್ಲಿಫೈಯರ್‌ನ ಇನ್‌ಪುಟ್ ಇಂಪಿಡೆನ್ಸ್. ಇದು 47 ಕಿಲೋ ಓಮ್ ಹತ್ತಿರ ಇದ್ದರೆ 10 ಕಿಲೋ ಡಬ್ಬಿ ಆರಾಮಾಗಿ ನಡೆಯುತ್ತದೆ. ಈಗ ಎಲ್ಲ ಕಡೆ ಸಿಗುವ ಸಣ್ಣ ಕ್ಲಾಸ್-ಡಿ ಬೋರ್ಡ್‌ಗಳಲ್ಲಿ ಟಿಪಿಎ3116 ಅನ್ನೋ ಚಿಪ್ ಬಹಳ ಸಾಮಾನ್ಯ. ಅದರಲ್ಲಿ ಗೇನ್ ಎಷ್ಟಕ್ಕೆ ಇಟ್ಟಿದ್ದಾರೆ ಅನ್ನೋದರ ಮೇಲೆ ಇನ್‌ಪುಟ್ 60 ಕಿಲೋದಿಂದ 9 ಕಿಲೋವರೆಗೆ ಬದಲಾಗುತ್ತದೆ. 9 ಕಿಲೋ ಆದರೆ ಕಂಟ್ರೋಲ್ ಮೇಲೆ ಭಾರ ಬಿದ್ದು ಸಿಗ್ನಲ್ ಇನ್ನಷ್ಟು ಇಳಿಯುತ್ತದೆ, ನಾಬ್ ನಡೆ ಹದ ತಪ್ಪುತ್ತದೆ.

ಇಂಥ ಕಡೆಗೆ ನಡುದಾರಿ ಒಂದಿದೆ. ಅದಕ್ಕೆ ಬಫರ್ ಅನ್ನುತ್ತಾರೆ. ಸಿಗ್ನಲ್ ಹೆಚ್ಚಿಸೋದಿಲ್ಲ, ಉದ್ದ ತಂತಿಯನ್ನೂ ಭಾರದ ಇನ್‌ಪುಟ್ಟನ್ನೂ ಎಳೆಯುವ ಶಕ್ತಿ ಮಾತ್ರ ಕೊಡುತ್ತದೆ. ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕ ನೆಲ್ಸನ್ ಪಾಸ್ 2008ರಲ್ಲಿ ‘ಬಿ1’ ಅನ್ನೋ ಬಫರ್‌ನ ಸರ್ಕ್ಯೂಟ್ ಅನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿಕೊಳ್ಳುವಂತೆ ಪ್ರಕಟಿಸಿದರು. ಅದರ ಹಿಂದಿನ ವಿಚಾರವೂ ಇದೇ: ಈಗಿನ ಸಿಸ್ಟಮ್‌ಗಳಿಗೆ ಗೇನ್ ಸಾಕಷ್ಟಿದೆ. ಆದರೆ ಬಫರ್‌ಗೆ ಕರೆಂಟ್ ಬೇಕು.

ಇವುಗಳಿಗೆ ಹಚ್ಚಲೇಬ್ಯಾಡ್ರಿ

ಮೈಕ್: ಭಜನಾ ಮಂಡಳಿಯವರ ಮೈಕ್ ಕೊಡೋದು ಕೆಲವೇ ಮಿಲಿವೋಲ್ಟ್. ಅದಕ್ಕೆ ಮೈಕ್ ಆಂಪ್ಲಿಫೈಯರ್ ಅಥವಾ ಮಿಕ್ಸರ್ ಬೇಕೇ ಬೇಕು.

ಹಳೆ ರೆಕಾರ್ಡ್ ಪ್ಲೇಯರ್: ಮ್ಯಾಗ್ನೆಟಿಕ್ ಪಿಕಪ್ ಇದ್ದರೆ ಫೋನೊ ಪ್ರೀಆಂಪ್ ಬೇಕು. ಅದರ ನಂತರ ಬೇಕಾದರೆ ಪ್ಯಾಸಿವ್ ಡಬ್ಬಿ ಹಚ್ಚಬಹುದು.

ಸ್ಪೀಕರ್ ತಂತಿ: ಆಂಪ್ಲಿಫೈಯರ್‌ಗೂ ಸ್ಪೀಕರ್‌ಗೂ ನಡುವೆ ಈ ಡಬ್ಬಿ ಹಾಕಿದರೆ ಕಂಟ್ರೋಲ್ ಸುಟ್ಟು ಹೋಗುತ್ತದೆ, ಆಂಪ್ಲಿಫೈಯರ್‌ಗೂ ಅಪಾಯ.

ಸೌಂಡ್‌ಬಾರ್, ಹೋಮ್ ಥಿಯೇಟರ್, ಬ್ಲೂಟೂತ್ ಸ್ಪೀಕರ್: ವಾಲ್ಯೂಮ್ ಒಳಗೇ ಇದೆ. ಡಬ್ಬಿಯಿಂದ ಏನೂ ಸಿಗೋದಿಲ್ಲ.

ಮುಂದೆ ವಾಲ್ಯೂಮ್ ನಾಬ್ ಇರುವ ಆಂಪ್ಲಿಫೈಯರ್: ಇಂಥ ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಸಿಗ್ನಲ್ ಮೊದಲು ಹೋಗೋದೇ ವಾಲ್ಯೂಮ್ ಕಂಟ್ರೋಲ್‌ಗೆ. ಅಂದ್ರೆ ಪ್ಯಾಸಿವ್ ಡಬ್ಬಿ ಮಾಡುವ ಕೆಲಸ ಒಳಗೇ ನಡೆಯುತ್ತಿದೆ. ಹೊರಗೆ ಇನ್ನೊಂದು ಯಾಕೆ?

ಹಾಗಾದರೆ ಉಳಿದವರು ಯಾರು? ವಾಲ್ಯೂಮ್ ಇಲ್ಲದ ಪವರ್ ಆಂಪ್ಲಿಫೈಯರ್ ಅಥವಾ ಬೋರ್ಡ್ ಇರುವವರು, ಮುಂದಿನ ಪ್ರೀಆಂಪ್ ಬೋರ್ಡ್‌ನಿಂದಲೇ ಸಪ್ಪಳ ಬರುತ್ತಿರುವವರು. ಅವರಿಗೆ ಈ ಡಬ್ಬಿ ಲೇಸು. ವಾಲ್ಯೂಮ್ ಇಲ್ಲದ ಆಂಪ್ಲಿಫೈಯರ್‌ಗೆ ಮೊಬೈಲ್ ನೇರವಾಗಿ ಹಚ್ಚಿದರೆ, ಯಾವಾಗಲೋ ವಾಲ್ಯೂಮ್ ಪೂರ್ತಿ ಇದ್ದಾಗ ಒಂದು ರಿಂಗ್‌ಟೋನ್ ಬಂದರೂ ಸ್ಪೀಕರ್ ಹರಿಯಬಹುದು. ನಡುವೆ ಕೈಯಲ್ಲಿ ತಿರುಗಿಸುವ ನಾಬ್ ಇದ್ದರೆ ಆ ಭಯ ಕಡಿಮೆ.

ಬೇಸ್ ಹೆಚ್ಚು ಬೇಕು ಅನ್ನುವವರಿಗೂ ಒಂದು ಮಾತು: ಈ ಡಬ್ಬಿಯಲ್ಲಿ ಬೇಸ್, ಟ್ರೆಬಲ್ ಇಲ್ಲ. ಮೊಬೈಲ್‌ನ ಇಕ್ವಲೈಸರ್‌ನಲ್ಲೇ ಮಾಡಿಕೊಳ್ಳಬೇಕು. ರಿಮೋಟ್ ಕೂಡ ಇಲ್ಲ, ಎದ್ದು ಹೋಗಿ ತಿರುಗಿಸಬೇಕು.

‘ಗುಂಯ್’ ಅನ್ನೋದಕ್ಕೆ ಅರ್ಥ್ ಪಿನ್ ಕತ್ತರಿಸಬ್ಯಾಡ್ರಿ

ಕಂಪ್ಯೂಟರ್‌ನಿಂದ ಆಂಪ್ಲಿಫೈಯರ್‌ಗೆ ಹಚ್ಚಿದಾಗ ‘ಗುಂಯ್’ ಬಂದರೆ ಎರಡರ ಅರ್ಥಿಂಗ್ ಬೇರೆಬೇರೆ ದಾರಿಯಲ್ಲಿ ಹೋಗಿ ನಡುವೆ ಸುತ್ತು ಬಿದ್ದಿರಬಹುದು. ಕೆಲವರು ಮೂರು ಪಿನ್‌ನ ಪ್ಲಗ್‌ನಲ್ಲಿ ಅರ್ಥ್ ಪಿನ್ ಮುರಿದು ಹಾಕುತ್ತಾರೆ. ಸಪ್ಪಳ ನಿಲ್ಲುತ್ತದೆ, ನಿಜ. ಆದರೆ ಮುಂದೆ ಆಂಪ್ಲಿಫೈಯರ್ ಒಳಗೆ ಇನ್ಸುಲೇಶನ್ ಕೆಟ್ಟರೆ ಲೋಹದ ಬಾಡಿಗೆ 230 ವೋಲ್ಟ್ ಬರುತ್ತದೆ. ಆರ್‌ಸಿಎ ತಂತಿಯ ಮೂಲಕ ಅದು ನೀವು ಮುಟ್ಟುವ ಈ ತಗಡಿನ ಡಬ್ಬಿಗೂ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಆಟ ಅಲ್ಲ.

ಬದಲಿಗೆ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಚ್ಚಿ ನೋಡಿ. ಮೊಬೈಲ್ ಚಾರ್ಜಿಗೆ ಹಾಕಿದಾಗ ಮಾತ್ರ ಸಪ್ಪಳ ಬರುತ್ತಿದ್ದರೆ ಚಾರ್ಜರ್ ತೆಗೆದು ನೋಡಿ. ಆದರೂ ಹೋಗದಿದ್ದರೆ ಸಿಗ್ನಲ್ ತಂತಿಗೆ ಹಚ್ಚುವ ‘ಗ್ರೌಂಡ್ ಲೂಪ್ ಐಸೋಲೇಟರ್’ ಸಿಗುತ್ತದೆ, ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮನೆಯ ಅರ್ಥಿಂಗ್ ಸರಿ ಇದೆಯೋ ಇಲ್ಲವೋ ಅಂತ ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸೋದು ಒಳ್ಳೆಯದು. ನಮ್ಮ ಎರಿ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಅರ್ಥ್ ಗುಂಡಿಯೂ ಒಣಗುತ್ತದೆ, ನೀರು ಹಾಕುತ್ತಿರಬೇಕು.

ತಂತಿ ಬದಲಿಸುವಾಗ ಆಂಪ್ಲಿಫೈಯರ್ ಬಂದ್ ಮಾಡಿ. ಮೊದಲ ಸಲ ಹಚ್ಚುವಾಗ ನಾಬ್ ಸೊನ್ನೆಯಲ್ಲಿರಲಿ. ಆಂಪ್ಲಿಫೈಯರ್ ಮುಚ್ಚಳ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ರೊಕ್ಕ ಖರ್ಚು ಮಾಡೋ ಮೊದಲು ಈ ಪರೀಕ್ಷೆ ಮಾಡಿ

1. ಈಗಿರುವ ಆಂಪ್ಲಿಫೈಯರ್ ಅಥವಾ ಬೋರ್ಡ್‌ನ ವಾಲ್ಯೂಮ್ ಸೊನ್ನೆಗೆ ತನ್ನಿ, ಮೊಬೈಲ್ ವಾಲ್ಯೂಮ್ ಪೂರ್ತಿ ಮಾಡಿ, ಸದಾ ಕೇಳುವ ಹಾಡು ಹಚ್ಚಿ. ಆಮೇಲೆ ನಾಬ್ ನಿಧಾನಕ್ಕೆ ತಿರುಗಿಸಿ.

2. ಅರ್ಧದೊಳಗೇ ‘ಸಾಕಪ್ಪಾ’ ಅನ್ನಿಸಿದರೆ ನಿಮ್ಮದು ಕಾಲುವೆ. ಗೇನ್ ಸಾಕಷ್ಟಿದೆ, ಪ್ರೀಆಂಪ್ ಕೊಳ್ಳಬೇಕಿಲ್ಲ.

3. ಪೂರ್ತಿ ತಿರುಗಿಸಿದರೂ ಸಾಲದಿದ್ದರೆ ಸಿಗ್ನಲ್ ಕಡಿಮೆ ಇದೆ. ಪ್ಯಾಸಿವ್ ಡಬ್ಬಿ ಬೇಡ. ಒಳ್ಳೆಯ ಡಾಂಗಲ್ ಅಥವಾ ಬೇರೆ ಪ್ಲೇಯರ್ ಹಚ್ಚಿ ನೋಡಿ.

4. ಹಾಡು ನಿಲ್ಲಿಸಿ, ನಾಬ್ ಸೊನ್ನೆಗೆ ತನ್ನಿ. ‘ಸುಸ್’ ಉಳಿದರೆ ಮುಂದಿನ ಪ್ರೀಆಂಪ್ ಬೋರ್ಡ್ ಬಿಚ್ಚಿ, ಆಂಪ್ಲಿಫೈಯರ್ ಒಂದನ್ನೇ ಚಾಲೂ ಮಾಡಿ. ಸಪ್ಪಳ ಹೋದರೆ ತಪ್ಪು ಬೋರ್ಡ್‌ನದ್ದು, ಡಬ್ಬಿ ಉಪಯೋಗಕ್ಕೆ ಬರುತ್ತದೆ. ಹೋಗದಿದ್ದರೆ ಆಂಪ್ಲಿಫೈಯರ್‌ನದ್ದು, ಡಬ್ಬಿಯಿಂದ ಸರಿ ಹೋಗೋದಿಲ್ಲ.

ಈ ನಾಲ್ಕೂ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಪ್ರೀಆಂಪ್‌ಗೆ ಅಂತ ಎತ್ತಿಟ್ಟ ರೊಕ್ಕ ಉಳಿದರೆ ಅದನ್ನು ಸ್ಪೀಕರ್‌ಗೆ ಹಾಕಿ. ದನಿಯಲ್ಲಿ ದೊಡ್ಡ ಬದಲಾವಣೆ ತರೋದು ಸ್ಪೀಕರ್ ಮತ್ತು ಕೋಣೆ. ಸಿಮೆಂಟ್ ನೆಲ, ಬರಿ ಗೋಡೆ ಇದ್ದರೆ ದನಿ ಪುಟಿದು ಪುಟಿದು ಕಲಸುತ್ತದೆ. ಜಿಐ ಮಾನ್ಯತೆ ಪಡೆದ ನಮ್ಮ ನವಲಗುಂದದ ಜಮಖಾನೆ ಒಂದನ್ನು ಸ್ಪೀಕರ್ ಮುಂದಿನ ನೆಲಕ್ಕೆ ಹಾಸಿ ಕೇಳಿ ನೋಡ್ರಿ, ಚೂಪು ದನಿಯ ಗದ್ದಲ ತಗ್ಗಿ ಮಾತು ಸ್ಪಷ್ಟವಾಗುತ್ತದೆ. ಅದಕ್ಕೂ ಕರೆಂಟ್ ಬೇಡ.